ಟೈಲರ್ ಹಾಕಿದ ಚಕ್ರ

ಬೀದಿಯವರು ಅವನನ್ನು ಟೇಪು ಎಂದೇ ಕರೆಯುತ್ತಿದ್ದರು. ಹಲ್ಲುಜ್ಜುವಾಗಲೂ, ತರಕಾರಿ ತರಲು ಹೋದಾಗಲೂ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಮನುಷ್ಯನಿಗೆ ಬೇರೆ ಹೆಸರು ಹುಡುಕುವ ಶ್ರಮವನ್ನು ಯಾರು ತಾನೇ ತೆಗೆದುಕೊಳ್ಳುತ್ತಾರೆ? ಮನೆಯ ಮುಂದಿನ ಕೋಣೆಯೇ ಅವನ ಹೊಲಿಗೆ ಅಂಗಡಿ. ಕಿಟಕಿಯ ಬಳಿ ಎರಡು ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಹಾಕಿದ ಕಂಬಿಯಲ್ಲಿ ತೋಳಿಲ್ಲದ ಅಂಗಿಗಳು, ಗುಂಡಿಯಿಲ್ಲದ ಕೋಟುಗಳು, ಒಂದೇ ಕಾಲಿನ ಪ್ಯಾಂಟುಗಳು. ಆಸ್ಪತ್ರೆಯವರ, ಶಾಲೆಯವರ, ಬಸ್ಸಿನವರ ಸಮವಸ್ತ್ರಗಳೆಲ್ಲ ಅವನ ಕೈಯಿಂದಲೇ ಹೊರಡಬೇಕು. ಅವನು ಹೊಲಿದ ಪ್ಯಾಂಟು ಕೂತಾಗ ಹರಿಯಿತು ಎಂದು ಹೇಳಿದವರು ಆ ಊರಿನಲ್ಲಿ ಇಲ್ಲ. ಇದ್ದರೂ ಅದು ಅವರು ತಿಂದದ್ದರ ತಪ್ಪೇ ಹೊರತು ಹೊಲಿಗೆಯದಲ್ಲ ಎಂಬುದು ಅವನ ಗಟ್ಟಿ ವಾದ.

ಇಂಥವನ ಹಿತ್ತಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಒಂದು ಕ್ರೂಸರ್ ಬೈಕು ನಿಂತಿತ್ತು. ಮುಂದಕ್ಕೆ ಚಾಚಿದ ಉದ್ದ ಕತ್ತು, ಅಗಲವಾದ ಹ್ಯಾಂಡಲು, ಹೊಟ್ಟೆ ತುಂಬ ಉಂಡಂತಿದ್ದ ಟ್ಯಾಂಕು, ನೆಲಕ್ಕೆ ಹತ್ತಿರವಾಗಿ ತಗ್ಗಿದ ಸೀಟು, ಹಿಂದಿನ ಚಕ್ರವನ್ನು ಅರ್ಧ ಮುಚ್ಚುವಷ್ಟು ಆಳದ ಮಡ್‌ಗಾರ್ಡು. ಅದು ಅವನದಲ್ಲ, ಹೆಂಡತಿಯದು. ಅವಳು ಆ್ಯಂಬುಲೆನ್ಸ್ ಓಡಿಸುವವಳು. ಊರಿಗೆಲ್ಲ ಡ್ರೈವರಮ್ಮ. ಆಳು ಗಿಡ್ಡ, ಗಂಟಲು ದೊಡ್ಡದು. ಬೈಕು ಕೊಳ್ಳಬೇಕೆಂದು ಹೊರಟಾಗ ಅಂಗಡಿಯವರು ತೋರಿಸಿದ ಪ್ರತಿ ಬೈಕಿನ ಮೇಲೂ ಹತ್ತಿ ಕೂತು, ಕಾಲು ಗಾಳಿಯಲ್ಲಿ ತೂಗಾಡಿಸಿ, ಮುಖ ಊದಿಸಿಕೊಂಡು ಇಳಿದಿದ್ದಳು. ಕೊನೆಗೆ ಹಳೇ ಗಾಡಿಗಳ ನಡುವೆ ಈ ಕ್ರೂಸರ್ ಕಣ್ಣಿಗೆ ಬಿತ್ತು. ಕೂತಳು. ಎರಡೂ ಪಾದ ನೆಲಕ್ಕೆ ಸಪಾಟಾಗಿ ಊರಿದವು. ಅಲ್ಲಿಗೆ ವ್ಯಾಪಾರ ಮುಗಿದುಹೋಯಿತು.

ಗಾಡಿ ಮನೆಗೆ ಬಂದ ದಿನ ಅವಳ ತಾಯಿ, ಅಂದರೆ ಟೇಪುವಿನ ಅತ್ತೆ, ಬಾಗಿಲಲ್ಲಿ ನಿಂತು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇದೇನೇ, ಎಮ್ಮೆ ಕಟ್ಕೊಂಡು ಬಂದಿದೀಯ?"

"ಎಮ್ಮೆನೇ ಅಂದ್ಕೋ. ನಂಗೆ ಹತ್ತೋಕೆ ಬರುತ್ತಲ್ಲ, ಅಷ್ಟು ಸಾಕು."

ಅತ್ತೆ ಮಗಳ ಮನೆಯಲ್ಲೇ ಇದ್ದರು. ಇದ್ದರು ಎನ್ನುವುದಕ್ಕಿಂತ ಆಳುತ್ತಿದ್ದರು ಎನ್ನುವುದೇ ಸರಿ. ಅಳಿಯನನ್ನು ಬಹುವಚನ ಬಿಟ್ಟು ಮಾತಾಡಿಸಿದವರಲ್ಲ. ಆದರೆ ಅವರ "ಅಳಿಯಂದಿರೇ" ಎಂಬ ಮಾತಿನಲ್ಲಿ ಗೌರವ ಎಷ್ಟಿತ್ತು, ಗೇಲಿ ಎಷ್ಟಿತ್ತು ಎಂಬುದನ್ನು ಟೇಪುವಿಗೆ ಯಾವ ಅಳತೆಯಿಂದಲೂ ಕಂಡುಹಿಡಿಯಲು ಆಗಿರಲಿಲ್ಲ.

ಬೈಕು ಹೆಂಡತಿಯದಾದರೂ ಅದರ ಆರೈಕೆ ಗಂಡನ ಪಾಲಿಗೆ ಬಂದದ್ದು ಹೇಗೆಂದರೆ, ಇಡೀ ದಿನ ಸೈರನ್ ಹಾಕಿಕೊಂಡು ಗಾಡಿ ಓಡಿಸಿ ಬಂದವಳಿಗೆ ಮನೆಯಲ್ಲಿ ಸ್ಪ್ಯಾನರ್ ಕಂಡರೆ ಪಿತ್ತ ನೆತ್ತಿಗೇರುತ್ತಿತ್ತು. ಓಡಿಸುವುದು ಎಂದರೆ ಎತ್ತಿದ ಕೈ, ಬಿಚ್ಚುವುದು ಎಂದರೆ ಮಾರು ದೂರ. ಟೇಪುವಿಗೆ ಬೈಕು ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಆದರೆ ಸಡಿಲವಾಗಿ ಅಲ್ಲಾಡುವ ವಸ್ತು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಅಲ್ಲಾಡುತ್ತಿದ್ದ ಕನ್ನಡಿಯ ನಟ್ಟು ಬಿಗಿ ಮಾಡಿದ. ಇನ್ನೊಂದು ದಿನ ಗಾಳಿ ಸೋಸುವ ಫಿಲ್ಟರ್ ಹೊರತೆಗೆದು ಧೂಳು ಕೊಡವಿದ. ಆಮೇಲೆ ಪ್ಲಗ್ಗು, ಆಮೇಲೆ ಕ್ಲಚ್ಚಿನ ತಂತಿ, ಆಮೇಲೆ ಸೀಟು. ಹೀಗೆ ಒಂದೊಂದಾಗಿ ಗಾಡಿಯೆಲ್ಲ ಅವನ ಕೈಗೆ ಪರಿಚಯವಾಯಿತು.

ಅವನು ಬಿಚ್ಚುವ ಕ್ರಮವೇ ಬೇರೆ. ಮೆಕ್ಯಾನಿಕ್‌ಗಳು ಬಿಚ್ಚಿದ ಬೋಲ್ಟುಗಳನ್ನು ಒಂದು ತಟ್ಟೆಗೆ ಸುರಿದು, ಹಾಕುವಾಗ ಬೆರಳಿನಲ್ಲಿ ಕೆದಕಿ ಹುಡುಕುತ್ತಾರೆ. ಟೇಪು ಅಂಗಿಯ ನಮೂನೆ ಬರೆಯುವ ಕಂದು ಕಾಗದವನ್ನು ನೆಲದ ಮೇಲೆ ಹಾಸಿ, ಬಿಚ್ಚುವ ಭಾಗದ ಆಕಾರವನ್ನು ಮೊದಲು ಬರೆದುಕೊಳ್ಳುತ್ತಿದ್ದ. ಯಾವ ಬೋಲ್ಟು ಎಲ್ಲಿಂದ ಬಂತೋ ಕಾಗದದ ಮೇಲೆ ಅದೇ ಜಾಗದಲ್ಲಿ ತೂತು ಮಾಡಿ ಅದನ್ನು ಚುಚ್ಚಿ ನಿಲ್ಲಿಸುತ್ತಿದ್ದ. ಎಡದ್ದಕ್ಕೆ ಕೆಂಪು ದಾರ, ಬಲದ್ದಕ್ಕೆ ನೀಲಿ ದಾರ. ಎರಡು ಭಾಗಗಳು ಸೇರುವ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆಯುತ್ತಿದ್ದ. ತೋಳನ್ನು ಅಂಗಿಗೆ ಕೂಡಿಸುವಾಗ ಗುರುತಿಗೆ ಗುರುತು ಸೇರಬೇಕಲ್ಲ, ಹಾಗೆ. ಮೊದಲ ಸಲ ಟ್ಯಾಂಕು ಇಳಿಸಿದಾಗ ಅದರ ನಮೂನೆ ಬರೆದ ಕಾಗದವನ್ನು ಅತ್ತೆ ಎತ್ತಿ ಹಿಡಿದು, "ಅಳಿಯಂದಿರೇ, ಇದು ಯಾರ ಹೊಟ್ಟೆ ಅಳತೆ? ಪಾಪ, ಡಾಕ್ಟರಿಗೆ ತೋರ್ಸೋಕೆ ಹೇಳಿ" ಎಂದಿದ್ದರು. ಟೇಪು ನಗಲಿಲ್ಲ. ಬಿಚ್ಚಿದ್ದನ್ನೆಲ್ಲ ಹಾಕಿದ ಮೇಲೆ ಕಾಗದದ ಮೇಲೆ ಒಂದು ಬೋಲ್ಟೂ ಉಳಿಯದಿದ್ದಾಗ ಮಾತ್ರ ಅದನ್ನು ಮಡಿಚುತ್ತ ಮೀಸೆಯಡಿ ನಕ್ಕ. ಇದು ಕೆಲಸ, ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳಲಿ ಬಿಡಿ, ಹೇಳಿಕೊಳ್ಳುವಂಥದ್ದೇ ಆಗಿತ್ತು.

ಅವನ ಸೊಕ್ಕು ಇಳಿದದ್ದು ಎಣ್ಣೆಯಿಂದ.

ಟೈಲರ್‌ಗೆ ಎಣ್ಣೆ ಎಂದರೆ ಒಂದೇ, ಹೊಲಿಗೆ ಮಿಷನ್ನಿನ ಎಣ್ಣೆ. ನೀರಿನಂತೆ ತೆಳ್ಳಗೆ, ಬಣ್ಣವಿಲ್ಲದ್ದು, ಎಂಥ ಸಂದಿಗೂ ನುಗ್ಗುವಂಥದ್ದು. ಬಾಗಿಲು ಕಿರುಗುಟ್ಟಿದರೆ ಅದು, ಬೀಗ ಸಿಕ್ಕಿಕೊಂಡರೆ ಅದು, ಫ್ಯಾನು ಗೊಣಗಿದರೆ ಅದು. ಬೈಕಿನ ಚೈನು ಒಣಗಿ ಕಟಕಟ ಎಂದಾಗ ಟೇಪು ಎರಡನೇ ಯೋಚನೆ ಮಾಡಲಿಲ್ಲ. ಕೊಳೆಯನ್ನೆಲ್ಲ ಬ್ರಷ್ಷಿನಲ್ಲಿ ಉಜ್ಜಿ ತೆಗೆದ, ಚೈನನ್ನು ಕನ್ನಡಿಯಂತೆ ಮಾಡಿದ, ಮೂತಿ ಉದ್ದದ ಎಣ್ಣೆ ಡಬ್ಬಿಯಿಂದ ಕೊಂಡಿಕೊಂಡಿಗೂ ಧಾರಾಳವಾಗಿ ಬಿಟ್ಟ. ಚಕ್ರ ತಿರುಗಿಸಿದರೆ ಚೂರೂ ಸದ್ದಿಲ್ಲ. ಹೆಂಡತಿ ಬಂದು ನೋಡಿ, "ಅಬ್ಬಾ, ರೇಷ್ಮೆ ಥರ ಇದೆಯಲ್ಲೋ!" ಎಂದಳು. ಹೆಲ್ಮೆಟ್ ಹಾಕಿಕೊಂಡು ಡ್ಯೂಟಿಗೆ ಹೊರಟಳು.

ತೆಳ್ಳನೆಯ ಎಣ್ಣೆ ಚೈನಿನ ಮೇಲೆ ಕೂರುವುದಿಲ್ಲ, ವೇಗಕ್ಕೆ ಸಿಡಿಯುತ್ತದೆ. ಸಿಡಿದದ್ದು ಹಿಂದಿನ ಟೈರಿನ ಮೇಲೆ ಕೂತಿತು. ಆಸ್ಪತ್ರೆಯ ಗೇಟಿನ ಮುಂದೆ ಗಾಡಿ ವಾಲಿಸಿದ ಕೂಡಲೇ ಹಿಂದಿನ ಚಕ್ರ ಜಾರಿ, ಡ್ರೈವರಮ್ಮ ತನ್ನ ಆಸ್ಪತ್ರೆಯ ಮುಂದೆಯೇ ಉರುಳಿದಳು. ಮೊಣಕೈ ತರಚಿತು, ಕನ್ನಡಿ ಒಡೆಯಿತು, ಕ್ರ್ಯಾಶ್ ಗಾರ್ಡು ಬಾಗಿತು. ಅಷ್ಟಕ್ಕೇ ತಪ್ಪಿತು ಅನ್ನಿ. ತನ್ನದೇ ಆ್ಯಂಬುಲೆನ್ಸಿನ ಜೊತೆಗಾರರು ಓಡಿಬಂದು ಎತ್ತಿದರಂತೆ, ಅದೇ ಅವಳಿಗೆ ನೋವಿಗಿಂತ ದೊಡ್ಡದಾಗಿತ್ತು.

ಸಂಜೆ ಕೈಗೆ ಪಟ್ಟಿ ಕಟ್ಟಿಕೊಂಡು ಬಂದವಳು ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅಂದವರು ಅತ್ತೆ.

"ಅಳಿಯಂದಿರೇ, ನೀವು ಹೊಲಿಗೆ ಹಾಕಿ. ಬೋಲ್ಟು ಹಾಕೋದು ಬೇಡ. ನಂಗಿರೋಳು ಒಬ್ಬಳೇ ಮಗಳು."

ಟೇಪು ಹೋಗಿ ಅಂಗಡಿಯಲ್ಲಿ ಕೂತ. ಕೂತವನು ಎಣ್ಣೆ ಡಬ್ಬಿಯನ್ನು ಕೈಗೆತ್ತಿ ಮತ್ತೆ ಕೆಳಗಿಟ್ಟ. ಮಿಷನ್ನಿಗೆ ಎಣ್ಣೆ ಬಿಟ್ಟ ಮೇಲೆ ಅವನು ಎಂದೂ ಗಿರಾಕಿಯ ಬಟ್ಟೆಯನ್ನು ನೇರವಾಗಿ ಸೂಜಿಯ ಕೆಳಗೆ ಇಟ್ಟವನಲ್ಲ. ಮೊದಲು ಚಿಂದಿ ಬಟ್ಟೆಯ ಮೇಲೆ ಒಂದಷ್ಟು ಹೊತ್ತು ಸುಮ್ಮನೆ ಹೊಲಿಗೆ ಓಡಿಸಿ, ಹೆಚ್ಚಿನ ಎಣ್ಣೆಯೆಲ್ಲ ಇಳಿದ ಮೇಲೆಯೇ ಒಳ್ಳೆಯ ಬಟ್ಟೆ. ಯಾರದೋ ಪ್ಯಾಂಟಿಗೆ ಕಲೆ ಬೀಳಬಾರದೆಂದು ಇಷ್ಟು ನೇಮ ಹಿಡಿದವನು ಆಗತಾನೇ ಎಣ್ಣೆ ಬಿಟ್ಟ ಚೈನಿನ ಮೇಲೆ ಹೆಂಡತಿಯನ್ನು ಕಳಿಸಿದ್ದ. ಈ ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ಸ್ಪ್ಯಾನರ್ ಡಬ್ಬಕ್ಕೆ ಮುಚ್ಚಳ ಹಾಕಿ ಅಟ್ಟಕ್ಕೆ ಎಸೆದ.

ಆಮೇಲೆ ಬೈಕು ಬೀದಿ ಕೊನೆಯ ಗ್ಯಾರೇಜಿಗೆ ಹೋಗತೊಡಗಿತು. ಅಲ್ಲಿನ ಮೆಕ್ಯಾನಿಕ್‌ಗೆ ಗ್ರೀಸಣ್ಣ ಎಂದು ಹೆಸರು ಬಿದ್ದಿತ್ತು. ಒಳ್ಳೆಯ ಕೆಲಸಗಾರ, ಆದರೆ ಬಾಯಿ ಅಗಲ. ಟೇಪು ಆ ಕಡೆ ಹಾದುಹೋದಾಗಲೆಲ್ಲ, "ಏನ್ ಟೇಪಣ್ಣ, ಮಿಷನ್ ಎಣ್ಣೆ ಸ್ಟಾಕ್ ಇದೆಯಾ?" ಎಂದು ಕೂಗುತ್ತಿದ್ದ. ಟೇಪು ಕೇಳಿಸದವನಂತೆ ನಡೆಯುತ್ತಿದ್ದ. ಅವನಿಗೆ ಚುಚ್ಚುತ್ತಿದ್ದದ್ದು ಅದಲ್ಲ. ಬೆಳಿಗ್ಗೆ ಹೆಂಡತಿ ಗಾಡಿ ತೆಗೆಯುವಾಗ ಮೊದಲೆಲ್ಲ "ಹೊರಡ್ಲಾ?" ಎಂದು ಅವನ ಮುಖ ನೋಡುತ್ತಿದ್ದಳು. ಅವನು ಟೈರು ಒತ್ತಿ, ಬ್ರೇಕು ಹಿಡಿದು ನೋಡಿ, "ಹೂಂ, ಹೊರಡು" ಎನ್ನುತ್ತಿದ್ದ. ಈಗ ಅವಳು ಕೇಳುತ್ತಿರಲಿಲ್ಲ, ಸೀದಾ ಹೊರಟುಬಿಡುತ್ತಿದ್ದಳು. ಒಂದು ಮಾತು ಕಡಿಮೆಯಾದರೆ ಮನೆಯಲ್ಲಿ ಎಷ್ಟು ಜಾಗ ಖಾಲಿಯಾಗುತ್ತದೆ ಎಂಬುದು ಅವನಿಗೆ ಆಗ ತಿಳಿಯಿತು.

ವರ್ಷಕ್ಕೊಮ್ಮೆ ಆ್ಯಂಬುಲೆನ್ಸಿನ ಡ್ರೈವರ್‌ಗಳೆಲ್ಲ ರಜೆ ಹೊಂದಿಸಿಕೊಂಡು ಬೈಕಿನಲ್ಲಿ ದೂರ ಹೋಗುವುದಿತ್ತು. ಬೆಟ್ಟದ ತಿರುವುಗಳನ್ನು ಹತ್ತಿ ಆಚೆ ಬದಿಯ ಕೆರೆಯವರೆಗೆ. ಸಾಲಿನ ಮುಂದೆ ಹೋಗುವವರು ಯಾರೆಂಬುದು ಅವರಲ್ಲಿ ದೊಡ್ಡ ವಿಷಯ. ಹಿಂದಿನವರೆಲ್ಲ ಆ ಬೈಕಿನ ಚಕ್ರ ನೋಡಿಕೊಂಡೇ ತಿರುವು ತೆಗೆದುಕೊಳ್ಳಬೇಕು. ಈ ಸಲ ಎಲ್ಲರೂ ಸೇರಿ ಡ್ರೈವರಮ್ಮನನ್ನೇ ಮುಂದೆ ಬಿಡುವುದೆಂದು ತೀರ್ಮಾನಿಸಿದ್ದರು. ಊಟಕ್ಕೆ ಕೂತಾಗ ಅವಳು ಈ ಸುದ್ದಿ ಹೇಳಿದ ರೀತಿ ನೋಡಬೇಕಿತ್ತು, ಏನೂ ದೊಡ್ಡದಲ್ಲ ಎಂಬಂತೆ ತಟ್ಟೆ ನೋಡಿಕೊಂಡು ಹೇಳಿದಳು, ಆದರೆ ಕಿವಿ ಕೆಂಪಾಗಿತ್ತು.

"ಹಿಂದಿನ ಟೈರು ಸವೆದುಹೋಗಿದೆ. ಹೊಸದು ಹಾಕಿಸ್ಬೇಕು. ಅಂದ್ರೆ ಚಕ್ರ ಬಿಚ್ಬೇಕು" ಎಂದಳು.

"ಗ್ಯಾರೇಜಿಗೆ ಬಿಡು" ಎಂದರು ಅತ್ತೆ.

ಟೇಪುವಿನ ಕೈಯ ತುತ್ತು ಅಲ್ಲೇ ನಿಂತಿತು. "ನಾನು ಬಿಚ್ತೀನಿ" ಎಂದ.

ಹೆಂಡತಿ ಅವನನ್ನೇ ನೋಡಿದಳು.

"ಇಷ್ಟು ದಿನ ಎಲ್ಲಿತ್ತು ಈ ಮಾತು? ಡಬ್ಬ ಅಟ್ಟಕ್ಕೆ ಎಸೆದೋನು ನೀನು. ನಾನೇನು ಕಿತ್ಕೊಂಡಿರ್ಲಿಲ್ಲ."

"ಈಗ ಇಳಿಸ್ತೀನಿ."

"ಸರಿ, ಮಾಡು. ಆದ್ರೆ ಹಾಕಿದ್ಮೇಲೆ ಗ್ರೀಸಣ್ಣ ಒಂದ್ಸಲ ನೋಡ್ಲಿ. ಓಡಿಸಿ ನೋಡಿ ಕೊಡ್ಲಿ. ನನ್ನ ಹಿಂದೆ ಅಷ್ಟು ಜನ ಬರ್ತಾರೆ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಟೇಪುವಿಗೆ ಅದು ನಾಟಿತು. ಇವನ ಕೆಲಸಕ್ಕೆ ಇನ್ನೊಬ್ಬನ ಒಪ್ಪಿಗೆಯ ಮುದ್ರೆ. ಅವನು ಹೊಲಿದ ಕೋಟನ್ನು ಪಕ್ಕದ ಬೀದಿಯ ಟೈಲರ್‌ಗೆ ತೋರಿಸಿಕೊಂಡು ಬಾ ಎಂದಂತೆ. ಅವನಿಗೆ ಬೇಕಿದ್ದದ್ದು ಒಂದೇ, ಅವಳು ಆ ಬೆಟ್ಟವನ್ನು ತಾನು ಹಾಕಿದ ಚಕ್ರದ ಮೇಲೆ, ತನ್ನನ್ನು ನಂಬಿ ಹತ್ತಬೇಕು. ಅದು ಈ ಸಲ ಆಗದಿದ್ದರೆ ಇನ್ನೆಂದೂ ಆಗುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಮರುದಿನ ಹೆಂಡತಿ ಬಸ್ಸಿನಲ್ಲಿ ಡ್ಯೂಟಿಗೆ ಹೋದಳು. ಟೇಪು ಅಂಗಡಿಯ ಬಾಗಿಲಿಗೆ ಅರ್ಧ ಪರದೆ ಎಳೆದು ಹಿತ್ತಲಿಗೆ ಬಂದ. ಕ್ರೂಸರಿನ ತೊಂದರೆ ಏನೆಂದರೆ ಅದಕ್ಕೆ ಓರೆಯಾಗಿ ನಿಲ್ಲಿಸುವ ಸ್ಟ್ಯಾಂಡು ಬಿಟ್ಟರೆ ನಡುವಿನ ಸ್ಟ್ಯಾಂಡು ಇಲ್ಲ. ಹಿಂದಿನ ಚಕ್ರ ಗಾಳಿಯಲ್ಲಿ ನಿಲ್ಲದೆ ಬಿಚ್ಚುವುದು ಹೇಗೆ? ಪರಿಚಯದವರ ಕಾರಿನ ಜಾಕಿ ತಂದು, ಇಸ್ತ್ರಿ ಮಾಡುವ ಹಲಗೆಯನ್ನು ಅದರ ಮೇಲಿಟ್ಟು, ಫ್ರೇಮಿನ ಅಡಿಗೆ ಕೊಟ್ಟು ನಿಧಾನವಾಗಿ ಎತ್ತಿದ. ಹ್ಯಾಂಡಲಿನ ಎರಡೂ ತುದಿಯನ್ನು ಬಟ್ಟೆಯ ಅಂಚಿನ ಪಟ್ಟಿಗಳಿಂದ ತಗಡಿನ ಮಾಡಿನ ಕಂಬಗಳಿಗೆ ಬಿಗಿದ. ಬೈಕು ಮುಂದೆ ಉರುಳದಂತೆ ಮುಂದಿನ ಬ್ರೇಕಿನ ಹಿಡಿಯನ್ನು ಪ್ಯಾಂಟಿನ ಸೊಂಟಕ್ಕೆ ಹಾಕುವ ಎಲಾಸ್ಟಿಕ್ಕಿನಿಂದ ಸುತ್ತಿ ಕಟ್ಟಿದ. ಅತ್ತೆ ಹಿತ್ತಲ ಬಾಗಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು.

"ಓಡಿಹೋಗುತ್ತೆ ಅಂತ ಕಟ್ಟಿಹಾಕಿದ್ರಾ?"

"ಬೀಳಬಾರ್ದು ಅಂತ."

ಹಿಂದಿನ ಚಕ್ರದ ಎರಡೂ ಪಕ್ಕ ತೂಗುತ್ತಿದ್ದ ಸಾಮಾನಿನ ಚೀಲಗಳನ್ನು ಇಳಿಸಿದ. ಕಂದು ಕಾಗದದ ಮೇಲೆ ಚಕ್ರದ ಸುತ್ತಿನದನ್ನೆಲ್ಲ ಬರೆದುಕೊಂಡ. ಬ್ರೇಕಿನ ಸರಳು ಬಿಚ್ಚಿದ, ಅದರ ಸ್ಪ್ರಿಂಗು ಹಾರದಂತೆ ಬೆರಳು ಅಡ್ಡ ಹಿಡಿದು ತೆಗೆದ. ನಟ್ಟು ತಾನಾಗಿ ಸಡಿಲವಾಗದಂತೆ ಅದಕ್ಕೆ ಚುಚ್ಚಿದ್ದ ಸೀಳುಪಿನ್ನನ್ನು ನೇರ ಮಾಡಿ ಎಳೆದ. ನಟ್ಟು ತೆಗೆದು, ಚಕ್ರದ ನಡುವಿನ ದಪ್ಪ ಸರಳನ್ನು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹೊರಗೆಳೆದ. ಅದರ ಎರಡೂ ಕಡೆ ಬಳೆಯಂತೆ ಕೂತಿದ್ದ ಲೋಹದ ತುಂಡುಗಳಿಗೆ ಕೆಂಪು, ನೀಲಿ ದಾರ ಸುತ್ತಿದ. ಚೈನನ್ನು ಹಲ್ಲುಚಕ್ರದಿಂದ ಇಳಿಸಿದ. ಇಷ್ಟೆಲ್ಲ ಆದ ಮೇಲೂ ಚಕ್ರ ಹೊರಬರಲಿಲ್ಲ. ಆ ಆಳದ ಮಡ್‌ಗಾರ್ಡಿನ ಅಂಚು ಟೈರಿಗೆ ಅಡ್ಡ ಬಂತು. ಮತ್ತೊಂದು ಹಲಗೆ ಕೊಟ್ಟು, ಜಾಕಿ ಇನ್ನಷ್ಟು ಎತ್ತಿ, ಚಕ್ರವನ್ನು ಓರೆ ಮಾಡಿ, ಉಸಿರು ಬಿಗಿಹಿಡಿದು ಎಳೆದಾಗ ಅದು ಮಡಿಲಿಗೆ ಬಂದು ಬಿತ್ತು. ಟೇಪು ಚಕ್ರವನ್ನು ತಬ್ಬಿಕೊಂಡೇ ನೆಲಕ್ಕೆ ಕೂತುಬಿಟ್ಟ.

ಚಕ್ರವನ್ನು ಉರುಳಿಸಿಕೊಂಡು ಟೈರಿನ ಅಂಗಡಿಗೆ ನಡೆದಾಗ ಬೀದಿಗೆ ಬೀದಿಯೇ ನೋಡಿತು. "ಟೇಪಣ್ಣ, ಅದಕ್ಕೇನು ಕಾಲರ್ ಹಚ್ತೀಯಾ?" ಎಂದು ಹಜಾಮತಿ ಅಂಗಡಿಯವನು ಕೇಳಿದ. "ನಿನ್ನ ಬಾಯಿಗೆ ಜಿಪ್ ಹಚ್ಚಿ ಆಮೇಲೆ ಇದಕ್ಕೆ" ಎಂದ ಟೇಪು. ಬಹಳ ದಿನಗಳ ಮೇಲೆ ಅವನ ಬಾಯಿಗೆ ಮಾತು ಮರಳಿತ್ತು.

ಹೊಸ ಟೈರು ಹಾಕಿಸಿ ತಂದು, ಕೊನೆಗೆ ಬಿಚ್ಚಿದ್ದನ್ನು ಮೊದಲು ಹಾಕುತ್ತ ಎಲ್ಲವನ್ನೂ ಕೂಡಿಸಿದ. ಗುರುತಿಗೆ ಗುರುತು, ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಚಕ್ರ ನೇರ ಕೂತಿದೆಯೇ ಎಂದು ಕೊರಳಿನ ಟೇಪು ತೆಗೆದು ಎರಡೂ ಬದಿಯಲ್ಲಿ ಅಳೆದ. ಪ್ಯಾಂಟಿನ ಎರಡು ಕಾಲು ಒಂದೇ ಉದ್ದ ಇರಬೇಕು, ಇದರಲ್ಲಿ ರಾಜಿ ಇಲ್ಲ. ಎಡಕ್ಕೆ ಕೂದಲಿನಷ್ಟು ಹೆಚ್ಚಿತ್ತು. ಸರಿ ಮಾಡಿದ, ಮತ್ತೆ ಅಳೆದ.

ಉಳಿದದ್ದು ಚೈನಿನ ಸಡಿಲ. ಬಿಗಿಯಾದರೆ ಕಿತ್ತುಬರುತ್ತದೆ, ಜೋಲಾದರೆ ಕಳಚುತ್ತದೆ. ಖಾಲಿ ಬೈಕಿನಲ್ಲಿ ಸರಿ ಕಂಡದ್ದು ಮೈಮೇಲೆ ಭಾರ ಬಿದ್ದಾಗ ಬಿಗಿಯಾಗುತ್ತದೆ. ನಿಂತಾಗ ಚೆನ್ನಾಗಿ ಕಂಡ ಪ್ಯಾಂಟು ಕೂತಾಗ ಹಿಡಿಯುವುದನ್ನು ಬಲ್ಲವನಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ಜಾಕಿ ಇಳಿಸಿ ಬೈಕನ್ನು ನೆಲಕ್ಕೆ ಬಿಟ್ಟ. ಯಾರಾದರೂ ಮೇಲೆ ಕೂರಬೇಕು. ಸುತ್ತ ನೋಡಿದ. ಅತ್ತೆ ಬಿಟ್ಟರೆ ಹಿತ್ತಲಿನಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ.

"ಅತ್ತೆ, ಒಂದ್ನಿಮಿಷ ಇದರ ಮೇಲೆ ಕೂತ್ಕೋತೀರಾ?"

"ನಾನಾ? ಈ ಎಮ್ಮೆ ಮೇಲಾ?"

"ಕಟ್ಟಿಹಾಕಿದೀನಿ. ಎಲ್ಲೂ ಹೋಗಲ್ಲ. ನಿಮ್ಮ ಭಾರ ಬೇಕಿತ್ತು."

"ಭಾರ ಅಂದ್ರೆ? ನನ್ನ ಭಾರಕ್ಕೇನಾಗಿದೆ?"

ಗೊಣಗುತ್ತಲೇ ಎದ್ದರು. ಅಳಿಯನ ಹೆಗಲು ಹಿಡಿದು, ಕಾಲು ಆಚೆ ಹಾಕಿ, ಗಂಡಸಿನಂತೆ ಕೂತರು. ಕೂತ ಮೇಲೆ ಎರಡೂ ಕೈಯನ್ನು ಅಗಲ ಹ್ಯಾಂಡಲಿನ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡಿದರು. ಮುಖದ ಗಂಟು ತಾನಾಗಿ ಬಿಚ್ಚಿಕೊಂಡಿತು. ಟೇಪು ಕೆಳಗೆ ಬಗ್ಗಿ, ಚೈನನ್ನು ಬೆರಳಿನಿಂದ ಮೇಲೆತ್ತಿ ಅಳತೆ ನೋಡತೊಡಗಿದ. ಹೊಸ ಸೀಳುಪಿನ್ನನ್ನು ಗುಂಡುಪಿನ್ನು ಕಚ್ಚಿಕೊಳ್ಳುವ ಅಭ್ಯಾಸದಲ್ಲಿ ತುಟಿಗಳ ನಡುವೆ ಕಚ್ಚಿಕೊಂಡಿದ್ದ. ಅಳಿಯನ ಬಾಯಿ ಕಟ್ಟಿದೆ ಎಂದು ಕಂಡ ಅತ್ತೆಗೆ ಮಾತಿಗೆ ಇದೇ ಸಮಯ ಎನಿಸಿತೋ ಏನೋ.

"ಒಂದು ಮಾತು ಹೇಳ್ತೀನಿ. ನಡುವೆ ಬಾಯಿ ಹಾಕ್ಬೇಡಿ. ಅವಳು ಬಿದ್ದ ದಿನ ನಿಮ್ಮೇಲೆ ಸಿಟ್ಟು ಬಂತು, ನಿಜ. ಬೈದೆ. ಆದ್ರೆ ಅದಕ್ಕಿಂತ ಸಿಟ್ಟು ಬಂದಿದ್ದು ಆಮೇಲೆ. ನೀವು ಡಬ್ಬ ಮುಚ್ಚಿ ಕೂತ್ಬಿಟ್ರಲ್ಲ, ಅದಕ್ಕೆ. ನಾನು ಅಂದೆ ಅಂತ ಬಿಡೋದಾ? ನಾನು ಎಷ್ಟೊಂದು ಅಂತೀನಿ, ಎಲ್ಲಾ ಕೇಳ್ತೀರಾ? ಗ್ಯಾರೇಜಿನಿಂದ ಬಂದ ಗಾಡಿನ ಅವಳು ಹತ್ತೋವಾಗೆಲ್ಲ ಅಂಗಡಿ ಕಿಟಕಿ ಕಡೆ ಒಂದ್ಸಲ ನೋಡಿ ಹೋಗ್ತಾಳೆ. ನೀವು ತಲೆ ಬಗ್ಗಿಸಿ ಹೊಲೀತಾ ಇರ್ತೀರಿ. ನಂಗೆ ಎರಡು ಕಣ್ಣಿದೆ, ಕಾಣುತ್ತೆ."

ಟೇಪುವಿನ ಕೈ ಚೈನಿನ ಮೇಲೆ ಹಾಗೇ ನಿಂತಿತು. ಕಣ್ಣು ಮಂಜಾಯಿತು. ಬಾಯಲ್ಲಿ ಪಿನ್ನಿದ್ದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಏನು ಹೇಳುತ್ತಿದ್ದನೋ. ಚೈನನ್ನು ಮತ್ತೆ ಮತ್ತೆ ಎತ್ತಿ ಬಿಟ್ಟು ಸಡಿಲ ನೋಡಿದ, ಹದಕ್ಕೆ ತಂದ, ನಟ್ಟು ಬಿಗಿದ, ಪಿನ್ನು ಚುಚ್ಚಿ ಅದರ ಎರಡು ಕಾಲುಗಳನ್ನು ಅತ್ತ ಇತ್ತ ಮಡಚಿದ. ಹಳೇ ಪಿನ್ನು ಇನ್ನೂ ಚೆನ್ನಾಗೇ ಇತ್ತು. ಆದರೆ ಬಿಚ್ಚಿದ ದಾರದಲ್ಲಿ ಮತ್ತೆ ಹೊಲಿಯುವವನು ಅವನಲ್ಲ.

"ಇಳಿಯಿರಿ ಅತ್ತೆ, ಆಯ್ತು."

"ಇರಿ, ಇನ್ನೊಂದು ಚೂರು ಕೂತಿರ್ತೀನಿ" ಎಂದರು ಅತ್ತೆ.

ಚೈನಿಗೆ ಈ ಸಲ ಅದಕ್ಕೆಂದೇ ಮಾಡಿದ ಅಂಟು ಎಣ್ಣೆಯನ್ನು ಹದವಾಗಿ ಹಚ್ಚಿ, ಆರಲು ಬಿಟ್ಟು, ಹೆಚ್ಚಾದದ್ದನ್ನು ಚಿಂದಿಯಲ್ಲಿ ಒರೆಸಿದ. ಟೈರಿನ ಬದಿಗಳನ್ನೂ ಒರೆಸಿ, ಒರೆಸಿದ ಬಿಳಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಕಲೆ ಇರಲಿಲ್ಲ.

ಹೆಂಡತಿ ಬಂದಾಗ ಬಿಸಿಲು ಇನ್ನೂ ಇತ್ತು. ಬೈಕು ಮನೆಯ ಮುಂದೆ ನಿಂತಿತ್ತು. ಹೇಳಿಕಳಿಸಿದ್ದಕ್ಕೆ ಗ್ರೀಸಣ್ಣನೂ ಕೈ ಒರೆಸಿಕೊಳ್ಳುತ್ತ ಬಂದ. ಸುತ್ತ ನಾಲ್ಕು ಜನ ಸೇರಿದರು. ಇಂಥದ್ದಕ್ಕೆ ಸೇರದ ಬೀದಿ ಎಲ್ಲಿದೆ? ಟೇಪು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಗ್ರೀಸಣ್ಣ ಕುಕ್ಕರುಗಾಲಲ್ಲಿ ಕೂತು ನಟ್ಟು ಮುಟ್ಟಿದ, ಪಿನ್ನು ನೋಡಿದ, ಚೈನು ಎತ್ತಿ ಬಿಟ್ಟ, ಬ್ರೇಕು ಒತ್ತಿದ. ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ಚಕ್ರದ ನೇರ ನೋಡಿದ. ಕೊನೆಗೆ ಎದ್ದ.

"ನನ್ನ ಹತ್ರ ಹೇಳೋಕೆ ಏನೂ ಇಲ್ಲ ಕಣಮ್ಮ" ಎಂದ. ಅವನ ಬಾಯಿಂದ ಅಂಥ ಮಾತು ಬಿದ್ದದ್ದು ಅದೇ ಮೊದಲು.

"ಹಾಗಾದ್ರೆ ಒಂದು ಸುತ್ತು ಓಡಿಸಿ ನೋಡಿಕೊಡಿ" ಎಂದಳು ಡ್ರೈವರಮ್ಮ.

ಗ್ರೀಸಣ್ಣ ತಲೆಯಾಡಿಸಿದ. "ಅದು ಮಾತ್ರ ಆಗಲ್ಲ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಚಕ್ರ ಹಾಕಿದೋನೇ ಮೊದಲ ಸುತ್ತು ಹೋಗ್ಬೇಕು. ನನ್ನ ಗುರು ಹಾಗೇ ಕಲಿಸಿದ್ದು. ಬಿದ್ರೆ ಅವನು ಬೀಳ್ಲಿ, ಗಿರಾಕಿ ಬೀಳ್ಬಾರ್ದು ಅಂತ. ನಾನು ಹಾಕಿಲ್ಲ, ನಾನು ಹತ್ತಲ್ಲ. ಟೇಪಣ್ಣ ಹೋಗ್ಲಿ."

"ಅವನಿಗೆ ಓಡಿಸೋಕೆ ಬರಲ್ವಲ್ಲ" ಎಂದಳು ಅವಳು.

ಎಲ್ಲರೂ ಟೇಪುವಿನ ಕಡೆ ತಿರುಗಿದರು. ಅವನು ಬಾಗಿಲು ಬಿಟ್ಟು ಬಂದ, ಬೈಕಿನ ಹಿಂದಿನ ಸೀಟನ್ನು ಅಂಗೈಯಿಂದ ಒಮ್ಮೆ ಒರೆಸಿದ. ಅದು ಸರಿಯಾಗಿ ಆ ಚಕ್ರದ ನೆತ್ತಿಯ ಮೇಲೇ ಇದ್ದ ಸೀಟು.

"ನೀನು ಓಡಿಸು. ನಾನು ಹಿಂದೆ ಕೂರ್ತೀನಿ. ಏನಾದ್ರೂ ಆದ್ರೆ ಇಬ್ಬರಿಗೂ ಆಗ್ಲಿ."

ಹೆಂಡತಿ ಅವನನ್ನು ನೋಡಿದ ನೋಟ ಆ ಬೀದಿಯಲ್ಲಿ ನಿಂತವರಿಗೆಲ್ಲ ಕಂಡಿತು, ಕೆಲವರು ಮುಖ ಆಚೆ ತಿರುಗಿಸಿಕೊಂಡರು. ಅವಳು ಹೆಲ್ಮೆಟ್ ಹಾಕಿಕೊಂಡಳು, ಇನ್ನೊಂದನ್ನು ಅವನ ತಲೆಗೆ ತಾನೇ ಹಾಕಿ ಪಟ್ಟಿ ಬಿಗಿದಳು. ಗ್ರೀಸಣ್ಣ, "ಹೊಸ ಟೈರು, ಜಾರುತ್ತೆ. ಮೊದಲು ನಿಧಾನ, ವಾಲಿಸ್ಬೇಡಿ" ಎಂದು ಕೂಗಿದ. "ನಂಗೆ ಹೇಳ್ಬೇಡಿ" ಎಂದಳು ಡ್ರೈವರಮ್ಮ. ಇಂಜಿನ್ನು ದಡದಡ ಎಂದಿತು.

ಮೊದಲು ಬೀದಿ ಬೀದಿ ಸುತ್ತಿದಳು, ನಡೆಯುವವರ ಜೊತೆ ಮಾತಾಡಬಹುದಾದಷ್ಟು ನಿಧಾನಕ್ಕೆ. ಟೇಪು ಕಿವಿಯನ್ನೆಲ್ಲ ಕೆಳಗಿಟ್ಟಿದ್ದ. ಚೈನು ಸದ್ದು ಮಾಡುತ್ತದೆಯೇ? ಬ್ರೇಕು ಉಜ್ಜುತ್ತದೆಯೇ? ಚಕ್ರ ಕುಣಿಯುತ್ತದೆಯೇ? ಅವಳು ಬ್ರೇಕು ಒತ್ತಿ ನೋಡಿದಳು, ಗಾಡಿ ನೆಟ್ಟಗೆ ನಿಂತಿತು. ಮತ್ತೆ ಹೊರಟಳು. ಸಣ್ಣ ತಿರುವು, ಆಮೇಲೆ ಸ್ವಲ್ಪ ದೊಡ್ಡ ತಿರುವು. ಹೊಸ ಟೈರಿನ ಹೊಳಪು ಸವೆಯುವವರೆಗೂ ಹೀಗೇ ತಾಳ್ಮೆಯಿಂದ ಸುತ್ತಿಸಿದಳು. ಅವಳ ಬೆನ್ನನ್ನು ನೋಡಿ ಏನನ್ನೂ ಓದಲಾಗದೆ ಟೇಪು ಸಂಕಟಪಟ್ಟ.

ಮನೆಯ ಕಡೆ ತಿರುಗುವ ಜಾಗ ಬಂತು. ಅವಳು ತಿರುಗಲಿಲ್ಲ. ಸೀದಾ ಊರಾಚೆಯ ಹೆದ್ದಾರಿಗೆ ಹಾಕಿದಳು.

ಎದುರಿಗೆ ರಸ್ತೆ ಖಾಲಿ, ಉದ್ದಕ್ಕೆ ನೆಟ್ಟಗೆ. ಅವಳು ಗೇರು ಬದಲಿಸಿದಳು, ಮತ್ತೆ ಬದಲಿಸಿದಳು. ಬದಿಯ ಮರಗಳು ಒಂದಕ್ಕೊಂದು ಕೂಡಿಕೊಂಡವು. ಗಾಳಿ ಟೇಪುವಿನ ಅಂಗಿಯೊಳಗೆ ನುಗ್ಗಿ ಬೆನ್ನ ಹಿಂದೆ ಗುಡಾರದಂತೆ ಉಬ್ಬಿತು. ಅವನು ಎರಡೂ ಕೈಯಿಂದ ಅವಳ ಸೊಂಟ ಹಿಡಿದು ಹೆಲ್ಮೆಟ್ಟಿನೊಳಗಿಂದಲೇ ಅರಚಿದ.

"ನಿಧಾನ! ಏಯ್, ನಿಧಾನ ಕಣೇ!"

ಅವಳು ನಿಧಾನ ಮಾಡಲಿಲ್ಲ. ಅರ್ಧ ಕತ್ತು ತಿರುಗಿಸಿ, ಆ ದೊಡ್ಡ ಗಂಟಲಿನಲ್ಲಿ ಕೇಳಿದಳು.

"ಯಾಕೆ? ಚಕ್ರ ಯಾರು ಹಾಕಿದ್ದು?"

"ನಾನು!"

"ಮತ್ತೆ? ನಂಗಿಲ್ಲದ ಭಯ ನಿಂಗ್ಯಾಕೋ?"

ಅವಳ ಕೈ ಆ್ಯಕ್ಸಿಲರೇಟರಿನ ಹಿಡಿಯನ್ನು ಇನ್ನೂ ಒಂದಿಷ್ಟು ತಿರುಗಿಸಿದ್ದು ಟೇಪುವಿಗೆ ಕಂಡಿತು. ತನ್ನ ಕೆಳಗೆ, ತನ್ನ ಕೈಯಾರೆ ಕೂಡಿಸಿದ ಚಕ್ರ ಒಂದೇ ಸಮನೆ ಓಡುತ್ತಿತ್ತು, ಚೂರೂ ಅಳುಕಿಲ್ಲದೆ. ಅವನು ಬೆನ್ನು ನೆಟ್ಟಗೆ ಮಾಡಿಕೊಂಡ. ಎದೆ ಉಬ್ಬಿ ಬಂತು, ಅದನ್ನು ತಡೆಯುವ ಗೋಜಿಗೂ ಹೋಗಲಿಲ್ಲ.

"ಹಾಗಾದ್ರೆ ಓಡ್ಸು!" ಎಂದು ಕೂಗಿದ.